ಇಂದ್ರಾಬಾಯಿ ಮೊದಲು ಮುಟ್ಟಿಸಿದ ಭಂಡಾರ

ಇಂದ್ರಾಬಾಯಿಯನ್ನು ಯಾರಾದರೂ ಸಾಧು ಹೆಂಗಸು ಎಂದರೆ ನನಗೆ ನಗು ಬರುತ್ತದೆ. ನನ್ನ ಅಂಗಡಿಯ ಗಿರಾಕಿಗಳು ಹಾಗೆಯೇ ಹೇಳುತ್ತಾರೆ. ಮೂಲೆಯಲ್ಲಿ ತಲೆ ಬಗ್ಗಿಸಿ ಕಾಯಿ ತುರಿಯುತ್ತಾ ಕೂತವಳನ್ನು ನೋಡಿ, "ಪಾಪ, ಎಷ್ಟು ಶಾಂತ ಸ್ವಭಾವ" ಅನ್ನುತ್ತಾರೆ. ಶಾಂತವಂತೆ! ಒಬ್ಬ ಮನುಷ್ಯನನ್ನು ನೆಲಕ್ಕೆ ಕೆಡವಲು ಆ ಹೆಂಗಸು ವರ್ಷಗಟ್ಟಲೆ ಕಾದಿದ್ದಾಳೆ. ಕೆಡವಿದ್ದಾಳೆ. ಕೆಡವಿದ ದಿನ ಇದೇ ಅಂಗಡಿಯಲ್ಲಿ ಕೂತು ಎರಡು ಪ್ಲೇಟ್ ಶೀರಾ ತಿಂದಿದ್ದಾಳೆ. ನಾನೇ ಬಡಿಸಿದ್ದು, ತುಪ್ಪ ಜಾಸ್ತಿ ಹಾಕಿ.

ನಾನು ವಿನೋದಿನಿ, ಉಡುಪಿ ಕಡೆಯವಳು. ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ, ಗುಡ್ಡಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಇಡ್ಲಿ ಅಂಗಡಿ ಇದೆ. ಬೆಳಿಗ್ಗೆ ಇಡ್ಲಿ, ವಡೆ, ಶೀರಾ. ಸಂಜೆಗೆ ದೋಸೆ ಹಿಟ್ಟು. ಇಂದ್ರಾಬಾಯಿ ನನ್ನಲ್ಲಿ ಕೆಲಸಕ್ಕೆ ಸೇರಿದ್ದು ಗಂಡ ಸತ್ತ ಮೇಲೆ. ಅದಕ್ಕೂ ಮುಂಚೆ ಗಂಡ ಹೆಂಡತಿ ಇಬ್ಬರೂ ಕೂಲಿಯವರು ಸೇರುವ ನಾಕಾದಲ್ಲಿ ನಿಂತು ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಊರು ವಿಜಯಪುರ ಜಿಲ್ಲೆಯಲ್ಲಿ, ಇಂಡಿಯಿಂದ ಆಚೆ. ನನಗೂ ಅವಳಿಗೂ ಭಾಷೆ ಒಂದೇ ಅಂತ ಹೆಸರಿಗೆ. ಮೊದಲ ತಿಂಗಳು ಅವಳು ಹೇಳಿದ್ದು ನನಗೆ ಅರ್ಧ, ನಾನು ಹೇಳಿದ್ದು ಅವಳಿಗೆ ಕಾಲು, ಮಿಕ್ಕದ್ದೆಲ್ಲ ಹಿಂದಿಯಲ್ಲಿ.

ಬೆಳಿಗ್ಗೆ ಅಂಧೇರಿಗೆ ಹೋಗುವ ಮುಂಚೆ ನನ್ನಲ್ಲಿ ಇಡ್ಲಿ ತಿನ್ನುವವರಲ್ಲಿ ಸುಹಾಸ ಒಬ್ಬ. ಮಂಗಳೂರಿನ ಹುಡುಗ ಅಂತ ನಾನು ಹೇಳುವುದು, ವಯಸ್ಸು ನಲವತ್ತು ದಾಟಿದೆ. ಯಾವುದೋ ಬಿಲ್ಡರನ ಆಫೀಸಿನಲ್ಲಿ ಇಂಜಿನಿಯರ್. ಕೆಟ್ಟವನಲ್ಲ, ಆದರೆ ದಿನಾ ಅವನದು ಒಂದೇ ಪುರಾಣ.

"ಅಕ್ಕಾ, ಈ ಓಟು ಇರುವವರೆಗೆ ನಮ್ಮ ದೇಶ ಮುಂದೆ ಬರುವುದಿಲ್ಲ ನೋಡಿ. ಒಂದು ಬ್ರಿಡ್ಜ್ ಕಟ್ಟಲಿಕ್ಕೆ ಹೋದರೆ ಹತ್ತು ಪಾರ್ಟಿ ಅಡ್ಡ. ಎಲ್ಲರನ್ನೂ ಕೇಳಬೇಕು, ಎಲ್ಲರೂ ಹೂಂ ಅನ್ನಬೇಕು. ಇದು ಗರೀಬ್ ದೇಶಕ್ಕೆ ಆಗುವ ಮಾತಲ್ಲ. ಕಾಮ್ ಕರ್ನೇವಾಲಾ ಒಬ್ಬ ಗಟ್ಟಿ ಆದ್ಮಿ ಸಿಕ್ಕಿದರೆ ಇಪ್ಪತ್ತು ವರ್ಷ ಅವನ ಕೈಯಲ್ಲಿ ಕೊಟ್ಟುಬಿಡಬೇಕು."

"ಆ ಆದ್ಮಿ ನಿನ್ನ ಕುತ್ತಿಗೆಗೇ ಕೈ ಹಾಕಿದರೆ ಎಂತ ಮಾಡ್ತೀಯ ಮಾರಾಯಾ?"

"ನಾವು ಯಾಕೆ ಅವನ ದಾರಿಗೆ ಹೋಗಬೇಕು?" ಅನ್ನುತ್ತಿದ್ದ. ಚಟ್ನಿ ಇನ್ನೊಮ್ಮೆ ಹಾಕಿಸಿಕೊಂಡು ಹೊರಡುತ್ತಿದ್ದ.

ಇಂದ್ರಾಬಾಯಿ ಮೂಲೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಅವನು ಹೋದ ಮೇಲೆ ಹೇಳಿದಳು, "ಅಕ್ಕಾ, ಈ ಸಾಹೇಬರು ಹೇಳೂ ಗಟ್ಟಿ ಮನಶ್ಯಾನ ನಾ ನೋಡೀನ್ರೀ. ನಮ್ಮ ಊರಾವನ." ಅವತ್ತೇ ನಾನು ಧರ್ಮಣ್ಣನ ಹೆಸರು ಕೇಳಿದ್ದು.

ಇವರು ಮುಂಬೈಗೆ ಬಂದ ಕಾಲಕ್ಕೆ ಧರ್ಮಣ್ಣ ಮುಕಾದಮ. ಊರಿನಿಂದ ಜನ ತಂದು ಭಾಂಡುಪಿನಲ್ಲಿ ಕೆಲಸಕ್ಕೆ ಹಚ್ಚುವವನು. ಇಂದ್ರಾಬಾಯಿ ಮದುವೆಯಾದ ವರ್ಷವೇ ಗಂಡ ಶಿವಪುತ್ರನ ಜೊತೆ ಅವನ ಬೆನ್ನು ಹತ್ತಿ ಬಂದಳು. ಅವನದೇ ಓಣಿಯಲ್ಲಿ ಝೋಪಡಿ ಹಾಕಿದರು. ಓಣಿಯಲ್ಲಿ ಕರೆಂಟಿನ ಮೀಟರ್ ಒಂದೇ, ಅದು ಧರ್ಮಣ್ಣನ ಹೆಸರಿನದು, ಎಲ್ಲರ ವೈರೂ ಅಲ್ಲಿಂದಲೇ. ರೇಷನ್ ಕಾರ್ಡು ಊರಲ್ಲಿ. ಓಟೂ ಊರಲ್ಲಿ.

ಈ ಓಟಿನ ವಿಷಯ ನಮ್ಮ ಕರಾವಳಿಯವರಿಗೆ ಅಷ್ಟು ಗೊತ್ತಿಲ್ಲ. ನಾವು ಮುಂಬೈಗೆ ಬಂದ ಮೇಲೆ ಇಲ್ಲಿಯವರಾದೆವು. ಅವರು ಹಾಗಲ್ಲ. ಊರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತೆಂದರೆ ಮುಂಬೈ, ಪುಣೆಗೆ ಊರಿಂದ ಬಸ್ಸು ಬರುತ್ತದೆ. ನಿಂತವರೇ ಕಳಿಸುವ ಬಸ್ಸು. ದಾರಿಯಲ್ಲಿ ಊಟ, ಹೋಗಿ ಬರುವ ಖರ್ಚು, ಎಲ್ಲಾ ಅವರದು. ಒಂದು ವಾರ್ಡಿನಲ್ಲಿ ಸೋಲು ಗೆಲುವು ಅಂತ ಆಗುವುದೇ ಬೆರಳೆಣಿಕೆಯ ಓಟಿನಲ್ಲಿ. ಮುಂಬೈ ಬಸ್ಸು ಯಾರದೋ ಅವನೇ ಮೆಂಬರು. ಆ ಬಸ್ಸು ಯಾವಾಗಲೂ ಧರ್ಮಣ್ಣನ ಕಡೆಯದು. ಮುಂಚೆ ಅವನ ಅಣ್ಣ ನಿಲ್ಲುತ್ತಿದ್ದ, ಆಮೇಲೆ ಅವನೇ ನಿಂತ.

ಹಾಗಾಗಿ ಈ ಮಂದಿಯ ಹೆಸರು ಮುಂಬೈ ಮತದಾರರ ಪಟ್ಟಿಗೆ ಬರುವುದು ಅವನಿಗೆ ಬೇಕಿರಲಿಲ್ಲ. ಒಂದು ಸಲ ಓಣಿಯ ಬಾಯಲ್ಲೇ ಟೇಬಲ್ ಹಾಕಿಕೊಂಡು ಹೆಸರು ಬರೆಸಿಕೊಳ್ಳುವವರು ಬಂದರು. ಇಂದ್ರಾಬಾಯಿ ಸ್ಟುಡಿಯೋಗೆ ಹೋಗಿ ಫೋಟೊ ತೆಗೆಸಿಕೊಂಡು ಬಂದು ಸಾಲಿನಲ್ಲಿ ನಿಂತಿದ್ದಳು, ಹಿಂದೆ ಶಿವಪುತ್ರ. ಧರ್ಮಣ್ಣ ಬಂದ. ಟೇಬಲಿನವರಿಗೆ ಹಿಂದಿಯಲ್ಲಿ, "ಸಾಬ್, ಯೇ ಲೋಗ್ ಆಜ್ ಇಧರ್, ಕಲ್ ಉಧರ್" ಅಂದ. ಆಮೇಲೆ ಸಾಲಿನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಶುರು ಮಾಡಿದ.

"ಬುದ್ಧಿ ಎಲ್ಲಿಟ್ಟೀರಿ? ಇಲ್ಲಿ ಹೆಸರು ಬರಸಿದ್ರ ಊರಾಗ ಹೆಸರು ಹೊಡೀತಾರ. ರೇಷನ್ ಹೋತು, ಹೊಲ ಹೋತು. ಸತ್ರ ಊರಾಗ ಹೂಳಾಕ ಜಾಗಾ ಸೈತ ಕೊಡಂಗಿಲ್ಲ."

ಶಿವಪುತ್ರ ಹೆಂಡತಿಯ ಕೈ ಹಿಡಿದು ಸಾಲಿನಿಂದ ಎಳೆದುಕೊಂಡು ಹೋದ. ಅವನೊಬ್ಬನೇ ಅಲ್ಲ, ಸಾಲಿಗೆ ಸಾಲೇ ಚದುರಿತು. ಧರ್ಮಣ್ಣ ಮಾತ್ರ ಅದೇ ಟೇಬಲಿನಲ್ಲಿ ತನ್ನ ಹೆಂಡತಿಯ ಹೆಸರು ಬರೆಸಿದ, ಹೆಂಡತಿಯ ತಮ್ಮನ ಹೆಸರು ಬರೆಸಿದ. ಇದನ್ನು ಬರೆಯುವಾಗಲೂ ನಾನು ಹಲ್ಲು ಕಡಿಯುತ್ತೇನೆ. ಮೋಸ ಮಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ನಿಮ್ಮ ಹೊಲದ ಮೇಲಿನ ಪ್ರೀತಿಯನ್ನೇ ಹಿಡಿದು ನಿಮ್ಮ ಕೈ ತಿರುಚುವವನನ್ನು ಅವನೊಬ್ಬನನ್ನೇ ಕಂಡದ್ದು.

ವರ್ಷಗಳು ಕಳೆದವು. ಓಣಿಗೆ ಝೋಪಡಿ ತೆಗೆದು ಬಿಲ್ಡಿಂಗ್ ಕಟ್ಟುವ ಸ್ಕೀಮು ಬಂತು. ಹಳೆಯ ಮತದಾರರ ಪಟ್ಟಿಯಲ್ಲೋ ಲೈಟ್ ಬಿಲ್ಲಿನಲ್ಲೋ ಹೆಸರಿದ್ದವರಿಗೆ ಪುಕ್ಕಟೆ ಫ್ಲ್ಯಾಟು, ಇಲ್ಲದವರಿಗೆ ಏನೂ ಇಲ್ಲ. ಧರ್ಮಣ್ಣನ ಮನೆಯವರಿಗೆ ಫ್ಲ್ಯಾಟುಗಳು ಬಂದವು. ಅವನನ್ನು ನಂಬಿದ ಓಣಿ ರಸ್ತೆಗೆ ಬಿತ್ತು. ಬಿಲ್ಡರನ ಜನರ ಜೊತೆ ನಿಂತು ಜನರನ್ನು ಖಾಲಿ ಮಾಡಿಸಿದ್ದೂ ಅವನೇ. ಇಂದ್ರಾಬಾಯಿ ಹೋಗಿ, "ಅಣ್ಣಾ, ನಿನ್ನ ಮಾತು ಕೇಳಿ ಹೆಸರು ಬರಸಲಿಲ್ಲ, ಈಗ ನಾವ್ ಏನ್ ಮಾಡೂದು?" ಅಂದಾಗ ಎಲ್ಲರೆದುರು ಅಂದನಂತೆ: "ಹತ್ತಿಪ್ಪತ್ತು ಮನಿ ಸಲುವಾಗಿ ಬಿಲ್ಡಿಂಗ್ ನಿಂದರಸಾಕ ಆಗತೈತೇನು ತಂಗಿ? ಅಭಿವೃದ್ಧಿ ಬೇಕೋ ಬ್ಯಾಡೋ?"

ಆ ಹತ್ತಿಪ್ಪತ್ತು ಮನೆಯವರು ಗುಡ್ಡದ ಮೇಲೆ, ಇನ್ನೂ ಮೇಲೆ, ತಗಡಿನ ಬಾಡಿಗೆ ಖೋಲಿಗಳಿಗೆ ಹೋದರು. ಶಿವಪುತ್ರನಿಗೆ ಸಿಮೆಂಟಿನ ಧೂಳು ಕುಡಿದೂ ಕುಡಿದೂ ದಮ್ಮು. ಕೆಳಗಿನ ಓಣಿಯಲ್ಲಿದ್ದಾಗ ಹೇಗೋ ನಡೆಯುತ್ತಿತ್ತು. ಗುಡ್ಡದ ಮೆಟ್ಟಿಲು ಅವನ ಪಾಲಿಗೆ ಯಮನಾಯಿತು. ಒಂದು ಸಂಜೆ ಕೆಲಸದಿಂದ ಬಂದವನು ಹತ್ತುತ್ತಾ ಹತ್ತುತ್ತಾ ಮಧ್ಯದಲ್ಲಿ ಕೂತ, ಮತ್ತೆ ಏಳಲಿಲ್ಲ. ಅವನು ಕೂತ ಮೆಟ್ಟಿಲಿನಿಂದ ನೋಡಿದರೆ ಧರ್ಮಣ್ಣನ ಬಿಲ್ಡಿಂಗು ಪೂರಾ ಕಾಣುತ್ತದೆ. ಅದನ್ನು ಇಂದ್ರಾಬಾಯಿ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಹೇಳುವಾಗ ಧ್ವನಿ ಏರುವುದಿಲ್ಲ. ತುರಿಮಣೆಯ ಮೇಲೆ ಕಾಯಿ ಮಾತ್ರ ಚಿಪ್ಪಿನ ಕಪ್ಪು ಬರುವವರೆಗೆ ತುರಿದುಬಿಡುತ್ತಾಳೆ.

ಅಷ್ಟರಲ್ಲಿ ಧರ್ಮಣ್ಣ ಊರಿಗೆ ಹೋಗಿ ಪಂಚಾಯ್ತಿ ಅಧ್ಯಕ್ಷನಾಗಿ ಕೂತಿದ್ದ. ಸುಳ್ಳು ಹೇಳಬಾರದು, ಕೆಲಸ ಮಾಡಿದ್ದ. ಕಾಂಕ್ರೀಟ್ ರಸ್ತೆ, ಶಾಲೆಗೆ ಕಂಪೌಂಡು, ಅರ್ಧ ಊರಿಗೆ ಮನೆಮನೆಗೆ ನಳ. ಯಾರನ್ನೂ ಕೇಳುತ್ತಿರಲಿಲ್ಲ. ಅಡ್ಡ ಬಂದ ಗೋಡೆ ಕೆಡವುತ್ತಿದ್ದ, ಅಡ್ಡ ಬಂದ ಮನುಷ್ಯನ ರೇಷನ್ನು ತಡೆಯುತ್ತಿದ್ದ, ಕೆಲಸ ಮುಗಿಸುತ್ತಿದ್ದ. ನಮ್ಮ ಸುಹಾಸ ಹೇಳುವ ಗಟ್ಟಿ ಆದ್ಮಿ ಎಂದರೆ ಅವನೇ. ನಳ ಬರದ ಇನ್ನರ್ಧ ಊರಿನಲ್ಲಿ ಶಿವಪುತ್ರನ ತಾಯಿ ದಾನವ್ವನ ಓಣಿ ಇತ್ತು. ಆ ಮುದುಕಿ ಊರಾಚೆಯ ಬೋರಿನಿಂದ ಕೊಡ ಹೊತ್ತು ತರುತ್ತಿದ್ದಳು.

ಮತ್ತೆ ಪಂಚಾಯ್ತಿ ಚುನಾವಣೆ ಬರುತ್ತದೆ ಎಂಬ ಸುದ್ದಿ ದೀಪಾವಳಿ ಹೊತ್ತಿಗೆ ಬಂತು. ದೀಪಾವಳಿ ಮುಗಿದ ಮೇಲೆ ಶಿವಪುತ್ರನ ಪುಣ್ಯತಿಥಿ. ಇಂದ್ರಾಬಾಯಿ ಗುಡ್ಡದ ಮೇಲೆ ಎಲ್ಲರಿಗೂ ಊಟಕ್ಕೆ ಹೇಳಿದಳು. ಹಳೆಯ ಓಣಿಯಿಂದ ಚದುರಿದವರೆಲ್ಲ ಬಂದರು, ಕೆಲವರು ಧಾರಾವಿಯಿಂದ, ಕೆಲವರು ಕಲ್ಯಾಣದ ಆಚೆಯಿಂದ. ನಾನೂ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಗೋಧಿ ಹುಗ್ಗಿ, ಅನ್ನ, ಸಾರು. ಊಟವಾಗಿ ಕೈ ತೊಳೆದ ಮೇಲೆ ಅವಳು ಒಂದು ತಟ್ಟೆ ತಂದು ಗಂಡನ ಫೋಟೊದ ಮುಂದೆ ಇಟ್ಟಳು. ತಟ್ಟೆ ತುಂಬ ಭಂಡಾರ.

ಭಂಡಾರ ಎಂದರೆ ಅರಿಶಿನದ ಪುಡಿಯೇ. ಆದರೆ ದೇವರ ಗುಡಿಯಿಂದ ತಂದದ್ದು. ಅದನ್ನು ಮುಟ್ಟಿ ಮಾತು ಕೊಟ್ಟರೆ ಆ ಕಡೆಯವರು ಪ್ರಾಣ ಹೋದರೂ ತಪ್ಪುವುದಿಲ್ಲ. ನಮ್ಮ ಕಡೆ ದೈವದ ಹೆಸರೆತ್ತಿ ಮಾತು ಕೊಟ್ಟ ಹಾಗೆ. ಧರ್ಮಣ್ಣನ ಗುಟ್ಟೂ ಅದೇ. ಪ್ರತಿ ಚುನಾವಣೆಗೆ ಬಸ್ಸಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯಲ್ಲೂ ಭಂಡಾರ ಮುಟ್ಟಿಸಿಯೇ ಹತ್ತಿಸುತ್ತಿದ್ದ. ಆಮೇಲೆ ಪರದೆಯ ಹಿಂದೆ ಒಬ್ಬರೇ ನಿಂತು ಓಟು ಒತ್ತುವಾಗಲೂ ಇವರಿಗೆ ಧೈರ್ಯ ಬರುತ್ತಿರಲಿಲ್ಲ. ಸರ್ಕಾರ ಕೊಟ್ಟ ಗುಟ್ಟಿನ ಓಟನ್ನು ಅವನು ಒಂದು ಚಿಟಿಕೆ ಅರಿಶಿನದಲ್ಲಿ ಕಸಿದುಕೊಂಡಿದ್ದ.

ಇಂದ್ರಾಬಾಯಿ ನೇರವಾಗಿ ಹೇಳಿದಳು. "ಈ ಸಲ ಬಸ್ ಬರತೈತಿ. ಎಲ್ಲಾರೂ ಹೋಗೂದು. ಅವನ ಬಸ್ಸಿನ್ಯಾಗ ಹೋಗೂದು, ಅವನ ಊಟ ಉಣ್ಣೂದು, ಅವನ ಎದುರಿಗೆ ಯಾರ್ ನಿಂತಿರ್ತಾರೋ ಅವರಿಗೆ ಒತ್ತೂದು. ಇಲ್ಲಿ ಮುಟ್ಟಿ ಮಾತು ಕೊಡ್ರಿ."

ಒಬ್ಬ ಗಂಡಸು ಅಡ್ಡ ಮಾತಾಡಿದ. "ಎದುರಿಗೆ ನಿಲ್ಲಾವ ಅಣವೀರಪ್ಪ ಅಂತ. ಅಂವಾ ದಿನಾ ಕಟ್ಟಿ ಮ್ಯಾಲ ಕುಂತು ಇಸ್ಪೀಟ್ ಆಡಾಂವ. ಒಂದು ಕಡ್ಡಿ ಈ ಕಡೆಯಿಂದ ಆ ಕಡೆ ಇಡಂಗಿಲ್ಲ. ಧರ್ಮಣ್ಣ ಕೆಲಸರೆ ಮಾಡ್ಯಾನಲ್ಲವ್ವಾ. ನಮ್ಮವ್ವ ಮನ್ಯಾಗ ನಳದ ನೀರು ಹಿಡೀತಾಳ."

"ಮಾಡ್ಯಾನ. ನಾ ಇಲ್ಲ ಅಂದಿಲ್ಲ. ನಮ್ಮ ಎದಿ ಮ್ಯಾಲ ಕಾಲಿಟ್ಟು ಮಾಡ್ಯಾನ. ಅವ ಊರ ಬಂಗಾರ ಮಾಡ್ಲಿ, ನನಗ ಅವ ಬೀಳಬೇಕು, ಅಷ್ಟ." ಫೋಟೊದ ಕಡೆ ಕೈ ಮಾಡಿದಳು. "ಇವರನ್ನ ಆ ಮೆಟ್ಟಲ ಮ್ಯಾಲಿಂದ ಎತ್ತಿ ಇಳಿಸಿದವರು ನೀವ ಇದ್ದೀರಿ."

"ಹೂಂ, ಖರೆ. ಆದ್ರ ಬಸ್ಸಿನ ಬಾಗಲದಾಗ ಅವನೂ ಮುಟ್ಟಸ್ತಾನಲ್ಲ ತಂಗಿ," ಒಬ್ಬಳು ವಯಸ್ಸಾದವಳು ಅಂದಳು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು. "ಎರಡ ಆಣಿ ಆಗತಾವ. ದೇವರು ಸುಮ್ಮನಿರತಾನೇನು?"

"ಮೊದಲ ಮುಟ್ಟಿದ್ದ ಖರೆ ಆಣಿ. ಹಿಂದಿಂದು ಸುಳ್ಳು. ಆ ಸುಳ್ಳಿನ ಪಾಪ ಎಲ್ಲಾ ನನ್ನ ತಲಿ ಮ್ಯಾಲ ಹಾಕ್ರಿ. ದೇವರು ಕೇಳಿದ್ರ ಇಂದ್ರಾಬಾಯಿ ಹೇಳ್ಯಾಳ ಅನ್ರಿ."

ಹೇಳಿ ತಾನೇ ಮೊದಲು ಬೆರಳು ಇಟ್ಟಳು. ಆಮೇಲೆ ಒಬ್ಬೊಬ್ಬರೇ ಬಂದರು. ನನಗೆ ಆ ಊರಲ್ಲಿ ಓಟೂ ಇಲ್ಲ, ಆ ಊರನ್ನು ನಾನು ನೋಡಿಯೂ ಇಲ್ಲ. ಆದರೂ ಎದ್ದು ಹೋಗಿ ಮುಟ್ಟಿದೆ. ಸೇಡಿನ ಕೆಲಸಕ್ಕೆ ದೇವರ ಅರಿಶಿನ ಮುಟ್ಟುವುದು ತಪ್ಪೋ ಸರಿಯೋ ನನಗೆ ಗೊತ್ತಿಲ್ಲ. ಕ್ಷಮಿಸಿಬಿಡಬೇಕು ಅಂತ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಯಾರೂ ಆ ಮೆಟ್ಟಿಲು ಹತ್ತಿದವರಲ್ಲ.

ಅದಾಗಿ ಕೆಲವು ದಿನಕ್ಕೆ ಧರ್ಮಣ್ಣ ನನ್ನ ಅಂಗಡಿಗೇ ಬಂದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಹೆಗಲ ಮೇಲೆ ಟವೆಲ್ಲು. ನಾನು ಅವನಿಗೆ ಹಿಂದಿನ ದಿನದ ಸಾಂಬಾರು ಬಿಸಿ ಮಾಡಿ ಕೊಟ್ಟೆ. ಹೊಟ್ಟೆ ಕೆಟ್ಟರೆ ಕೆಡಲಿ ಅಂತ. ಕೆಡಲಿಲ್ಲ, ಗಟ್ಟಿ ಆದ್ಮಿ. ತಿಂದು ಮುಗಿಸಿ ನೇರ ಮೂಲೆಗೆ ಹೋಗಿ ಇಂದ್ರಾಬಾಯಿಯ ಎದುರು ನಿಂತ.

"ತಂಗೀ, ಹಿಂದಿಂದೆಲ್ಲಾ ಮನಸಿನ್ಯಾಗ ಇಟ್ಕೋಬ್ಯಾಡ. ಶಿವಪುತ್ರ ನನಗ ತಮ್ಮ ಇದ್ದಂಗ ಇದ್ದ. ಗುಡ್ಡದ ಮ್ಯಾಲಿನ ಮಂದಿ ನಿನ್ನ ಮಾತು ಕೇಳತಾರಂತ. ಎಲ್ಲಾರನ್ನೂ ಕೂಡಿಸಿ ಬಸ್ಸಿಗೆ ಹತ್ತಸು. ಈ ಸಲ ಬಾಳ ಬಿಗಿ ಐತಿ."

"ನಮ್ಮ ಅತ್ತಿ ಓಣಿಗೆ ಇನ್ನಾ ನಳ ಬಂದಿಲ್ಲಲ್ಲ ಅಣ್ಣಾ," ಅಂದಳು ಇಂದ್ರಾಬಾಯಿ ತಲೆ ಎತ್ತದೆ.

ಅವನು ನಕ್ಕ. "ಪೈಪು ಬಂದು ಓಣಿ ಬಾಯಾಗ ಬಿದ್ದಾವ. ಇಲೆಕ್ಷನ್ ಆಗಲಿ, ಮರುದಿನ ಹಾಕಸ್ತೀನಿ. ಕೈ ಮುಗೀತೀನಿ ನಿನಗ." ಹೇಳಿದ ಹಾಗೆ ನಿಜವಾಗಿಯೂ ಎರಡೂ ಕೈ ಜೋಡಿಸಿದ. ಹತ್ತಿಪ್ಪತ್ತು ಮನೆಗೆ ಬಿಲ್ಡಿಂಗ್ ನಿಲ್ಲಿಸಲಾಗುವುದಿಲ್ಲ ಎಂದವನು ನನ್ನ ಅಂಗಡಿಯಲ್ಲಿ, ತುರಿಮಣೆಯ ಮುಂದೆ ಬಗ್ಗಿ ನಿಂತಿದ್ದ. ಆ ದೃಶ್ಯ ನೋಡಿ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

"ಆಗಲಿ ಅಣ್ಣಾ, ಬಸ್ ತುಂಬಸ್ತೀನಿ," ಅಂದಳು ಅವಳು.

ತುಂಬಿಸಿದಳು. ಬಸ್ಸು ಹೊರಡುವ ಸಂಜೆ ನಾನು ಸುಹಾಸನನ್ನೂ ಕರೆದುಕೊಂಡು ದೊಡ್ಡ ರಸ್ತೆಗೆ ಹೋದೆ. ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಹಿಡಿದು, ಗಂಡಸರು ಬ್ಯಾಗು ಹಿಡಿದು ನಿಂತಿದ್ದರು. ಬಾಗಿಲಲ್ಲಿ ಧರ್ಮಣ್ಣ, ಕೈಯಲ್ಲಿ ಭಂಡಾರದ ಬಟ್ಟಲು. ಇಂದ್ರಾಬಾಯಿ ಎಲ್ಲರಿಗಿಂತ ಮೊದಲು ಮುಟ್ಟಿ, ಹಣೆಗೂ ಹಚ್ಚಿಕೊಂಡು ಹತ್ತಿದಳು. ಗುಡ್ಡದ ಮೇಲೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದ ಮುದುಕಿ ಈಗ ತಾನೇ ಕೈ ಚಾಚಿ ಮುಟ್ಟಿದಳು.

"ಇಷ್ಟು ಜನ ಕೆಲಸ ಬಿಟ್ಟು ಒಂದು ಠಸ್ಸೆ ಒತ್ತಲಿಕ್ಕೆ ಹೋಗ್ತಾರಾ? ಟೋಟಲ್ ವೇಸ್ಟ್ ಅಲ್ವಾ ಅಕ್ಕಾ," ಅಂದ ಸುಹಾಸ.

"ನೋಡ್ತಾ ಇರು ಮಾರಾಯಾ," ಅಂದೆ.

ಓಟು ಹಾಕಿ ಎಲ್ಲರೂ ಅದೇ ಬಸ್ಸಿನಲ್ಲಿ ವಾಪಸು ಬಂದರು. ಎಣಿಕೆ ಆಮೇಲೆ. ಎಣಿಕೆಯ ದಿನ ಇಂದ್ರಾಬಾಯಿ ಬೆಳಿಗ್ಗೆಯಿಂದ ಮೊಬೈಲನ್ನು ಉದ್ದಿನ ಡಬ್ಬಿಯ ಮೇಲಿಟ್ಟುಕೊಂಡೇ ಕೆಲಸ ಮಾಡಿದಳು. ಮಧ್ಯಾಹ್ನ ರಿಂಗಾಯಿತು. ಕೇಳಿಸಿಕೊಂಡಳು, ಇಟ್ಟಳು, ನನ್ನ ಕಡೆ ನೋಡಿದಳು. "ಬಿದ್ದಾ ಅಕ್ಕಾ," ಅಂದಳು. ಕೈ ತೊಳೆದು ಬಂದು ಬೆಂಚಿನ ಮೇಲೆ ಗಿರಾಕಿಯ ಹಾಗೆ ಕೂತಳು. ಶೀರಾ ಕೊಟ್ಟೆ, ತಿಂದಳು, ಇನ್ನೊಂದು ಪ್ಲೇಟು ಕೇಳಿದಳು. ಅವಳು ತಿನ್ನುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ತನ್ನ ಸೋಲಿಗೆ ತಾನೇ ಬಸ್ಸು ಮಾಡಿ, ಡೀಸೆಲ್ ಹಾಕಿಸಿ, ಸೊಲ್ಲಾಪುರದ ಹತ್ತಿರ ಊಟ ಹಾಕಿಸಿದವನು ಅವನು. ಇದಕ್ಕಿಂತ ಚಂದದ ಸೇಡು ಯಾರಿಗೆ ಸಿಕ್ಕೀತು?

ಧರ್ಮಣ್ಣ ಬರುತ್ತಾನೆ ಅಂತ ನನಗೆ ಗೊತ್ತಿತ್ತು. ಸಂಕ್ರಾಂತಿ ಕಳೆದು ಬಂದ. ಈ ಸಲ ಇಡ್ಲಿ ಕೇಳಲಿಲ್ಲ. ಅಂಗಡಿಯಲ್ಲಿ ಜನ ಇದ್ದರು, ಸುಹಾಸನೂ ಇದ್ದ. ಧರ್ಮಣ್ಣ ಬಾಗಿಲಲ್ಲೇ ನಿಂತು ಕೂಗಿದ.

"ಭಂಡಾರ ಮುಟ್ಟಿದ್ದಿ ನೀ! ದೇವರ ಅಂಜಿಕಿ ಇಲ್ಲೇನ ನಿನಗ?"

"ಮುಟ್ಟಿದ್ದೆ. ನಿಂದು ಮುಟ್ಟೂಕಿಂತ ಮೊದಲ ಬ್ಯಾರೇ ಕಡೆ ಮುಟ್ಟಿದ್ದೆ," ಅಂದಳು ಇಂದ್ರಾಬಾಯಿ. ಎದ್ದು ನಿಂತಿದ್ದಳು. "ನಾವೂ ಅವತ್ತ ಸಾಲಿನ್ಯಾಗ ನಿಂತಿದ್ವಿ ಅಣ್ಣಾ. ನೀ ಎಳದು ಹೊರಗ ಹಾಕಿದಿ. ಈಗ ನಿನ್ನ ನಾವು ಹಾಕೀವಿ. ಹೋಗು."

ಅವನ ಮುಖ ಕಪ್ಪಿಟ್ಟಿತು. ಆದರೆ ಸುಮ್ಮನೆ ಹೋಗುವ ಪೈಕಿಯಲ್ಲ. "ನನ್ನ ಕೆಡವಿದಿ, ಆತು. ಊರಿಗೇನ್ ಮಾಡಿದಿ? ಆ ಪೈಪು ನನ್ನ ಹೆಂಡತಿ ತಮ್ಮನ ಗುತ್ತಿಗೀವು. ಟ್ರ್ಯಾಕ್ಟರ್‌ನ್ಯಾಗ ಹೇರಿ ಬ್ಯಾರೇ ಊರಿಗೆ ಕಳಿಸೀನಿ. ಹೇಳು ನಿನ್ನ ಅಣವೀರಪ್ಪಗ, ತರಸ್ತಾನೇನು ನೋಡೂಣು." ಹಾಗಂದು ಟವೆಲ್ಲು ಕೊಡವಿಕೊಂಡು ಹೊರಟುಹೋದ.

ಸುಹಾಸ ಕೈಯಲ್ಲಿ ಇಡ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. "ನೋಡಿದಿರಾ ಅಕ್ಕಾ? ನಾನು ಹೇಳಿದ್ದು ಇದೇ. ಕೆಲಸ ಮಾಡುವವನನ್ನು ಇಳಿಸಿ ಇಸ್ಪೀಟ್ ಆಡುವವನನ್ನು ಕೂರಿಸಿದರು. ಇನ್ನು ಐದು ವರ್ಷ ಅಲ್ಲಿ ಒಂದು ಇಟ್ಟಿಗೆ ಏಳುವುದಿಲ್ಲ. ಇದಾ ನಿಮ್ಮ ಡೆಮಾಕ್ರಸಿ?"

"ಅವನು ಇವಳೆದುರು ಕೈ ಮುಗಿದು ನಿಂತದ್ದು ನೀನು ನೋಡಿಲ್ಲ. ನಾನು ನೋಡಿದ್ದೇನೆ. ನಿನ್ನ ಇಪ್ಪತ್ತು ವರ್ಷದ ಗಟ್ಟಿ ಆದ್ಮಿ ಯಾರಿಗಾದರೂ ಕೈ ಮುಗಿಯುತ್ತಾನಾ?"

"ಕೈ ಮುಗಿದರೆ ನಳದಲ್ಲಿ ನೀರು ಬರ್ತದಾ?"

ಬಾಯಿಗೆ ಬಂದದ್ದೆಲ್ಲ ಬೈದೆ ಅವನಿಗೆ. ಅವನೂ ಸಿಟ್ಟು ಮಾಡಿಕೊಂಡು ಒಂದು ವಾರ ಬೇರೆ ಕಡೆ ವಡಾಪಾವ್ ತಿಂದ, ಆಮೇಲೆ ಬಂದ.

ಪೈಪು ಹೋದದ್ದು ನಿಜ. ಅಣವೀರಪ್ಪ ಏನೂ ಮಾಡಲಿಲ್ಲ ಎಂಬುದೂ ನಿಜ. ಫೋನು ಮಾಡಿದರೆ, "ನೋಡೂಣು ತಗೋ ತಂಗೀ" ಅನ್ನುತ್ತಿದ್ದ, ಹಿಂದಿನಿಂದ ಇಸ್ಪೀಟ್ ಎಲೆ ಹಾಕುವವರ ಗದ್ದಲ ಕೇಳುತ್ತಿತ್ತು. ಆದರೆ ಇಂದ್ರಾಬಾಯಿಯನ್ನು ಕಾಡಿದ್ದು ಅಣವೀರಪ್ಪನಲ್ಲ. ಅತ್ತೆ ದಾನವ್ವ ಫೋನು ಎತ್ತುವುದನ್ನೇ ಬಿಟ್ಟಳು. ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದ ಸೀರೆ ಹಾಗೆಯೇ ವಾಪಸು ಬಂತು.

ಬೇಸಿಗೆಯಲ್ಲಿ ಇಂದ್ರಾಬಾಯಿ ರಜೆ ಕೇಳಿದಳು. ಅತ್ತೆಯ ಹತ್ತಿರ ಇದ್ದು ಒಂದಿಷ್ಟು ದಿನ ನೀರು ಹೊತ್ತು ಹಾಕಿ ಬರುತ್ತೇನೆ ಅಂದಳು. ಹೋದವಳು ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟಳು. ಮುಖ ಬಿಸಿಲಿಗೆ ಕಂದಿತ್ತು. ಅವಳ ಬಾಯಿ ಬಿಡಿಸುವುದು ನನಗೆ ಗೊತ್ತು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಎದುರು ಕೂರಿಸಿಕೊಂಡೆ.

ಅವಳು ಹೋದ ಬೆಳಿಗ್ಗೆಯೇ ಬೋರಿಗೆ ಹೋಗಿ ಕೊಡ ತುಂಬಿ ತಂದು ಅತ್ತೆಯ ಒಲೆಯ ಪಕ್ಕ ಇಟ್ಟಳಂತೆ. ದಾನವ್ವ ಅದನ್ನು ನೋಡಿದಳು. ಮೂಲೆಯಿಂದ ಬೇರೆ ಕೊಡ ತೆಗೆದುಕೊಂಡಳು, ತಾನೇ ಬೋರಿಗೆ ಹೊರಟಳು. ಸೊಸೆ ಹಿಂದೆ ಓಡಿ ಕೊಡಕ್ಕೆ ಕೈ ಹಾಕಿದರೆ ಕೈ ಕೊಡವಿದಳು. "ನೀ ತಂದ ನೀರು ಎಮ್ಮಿಗೆ ಹಾಕು," ಅಂದಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು.

ಇಂದ್ರಾಬಾಯಿಯ ತಾಳ್ಮೆ ಅಲ್ಲಿ ತಪ್ಪಿತು. ರಸ್ತೆಯಲ್ಲೇ ಕೇಳಿದಳಂತೆ, ನಿಮ್ಮ ಮಗನನ್ನು ತಿಂದವನನ್ನು ಕೆಡವಿದ್ದೇನೆ, ಅದು ನಿಮಗೆ ಬೇಡವಾಗಿತ್ತೇ ಅಂತ.

ದಾನವ್ವ ಕೊಡ ಕೆಳಗಿಟ್ಟು ಹೇಳಿದ್ದನ್ನು ಇಂದ್ರಾಬಾಯಿ ನನಗೆ ಹಾಗೆಯೇ ಹೇಳಿದಳು. "ನಾ ಧರ್ಮಣ್ಣಗ ಒತ್ತೀನಿ. ಯಾರೂ ಭಂಡಾರ ಮುಟ್ಟಿಸಿಲ್ಲ, ನನ್ನ ಮನಸಿಲೆ ಒತ್ತೀನಿ. ಮಗ ಹೋದಾ, ನಾ ಇನ್ನಾ ಬದಕೀನಿ. ನಿನಗ ಅವನ ಸೇಡು ಬೇಕಾಗಿತ್ತು, ನನಗ ನೀರು ಬೇಕಾಗಿತ್ತು. ಕುಡಿಯೂ ನೀರು ನಿಂದಲ್ಲ, ಹೊರೂ ಕೊಡ ನಿಂದಲ್ಲ. ನೀ ಮುಂಬೈಲಿಂದ ಬಸ್ ತುಂಬ ಮಂದಿ ತಂದಿ. ನಂದು ಒಂದ ಓಟು."

ಸುಹಾಸನಿಗೆ ಬೈದ ಹಾಗೆ ಆ ಮುದುಕಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಧರ್ಮಣ್ಣನ ಮೇಲಿನ ನನ್ನ ಸಿಟ್ಟು ಒಂದು ಚೂರೂ ಇಳಿದಿಲ್ಲ, ಇವತ್ತಿಗೂ ಇಳಿದಿಲ್ಲ. ಅವನು ಬಿದ್ದದ್ದು ಸರಿಯೇ ಅನ್ನುತ್ತೇನೆ. ಆದರೆ ನಾನೂ ಬೆರಳು ಇಟ್ಟಿದ್ದೆನಲ್ಲ ಆ ತಟ್ಟೆಗೆ, ನೋಡದ ಊರಿನ ನೀರಿನ ಮೇಲೆ.

"ಧರ್ಮಣ್ಣ ಮತ್ತೆ ನಿಂತರೆ ಏನು ಮಾಡ್ತೀಯ?" ಕೊನೆಗೆ ಕೇಳಿದೆ.

"ಮತ್ತ ಕೆಡವ್ತೀನಿ," ಅಂದಳು ತಟ್ಟನೆ. ಎದ್ದು ಕಾಯಿ ಒಡೆಯಲು ಹೋದವಳು ಅಲ್ಲೇ ನಿಂತಳು. "ಅತ್ತಿ ಮತ್ತ ಅವಗ ಒತ್ತತಾಳ. ಆಕಿ ಕೊಡ ಹಿಡಕೊಂಡು ಬೋರಿಗೆ ಹೋಗೂ ದಾರ್ಯಾಗ, ಆಕಿ ಕಣ್ಣ ಮುಂದನ ನಾವು ಬಸ್ಸಿಂದ ಇಳೀಬೇಕಲ್ರೀ ಅಕ್ಕಾ."